ವಿಎನ್‌ಆರ್: ದೇಶವೊಂದು ತನ್ನ ಅಂಕಪಟ್ಟಿಯನ್ನು ತಾನೇ ಬರೆಯುವ ಕ್ರಮ

2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 2030ರ ಕಾರ್ಯಸೂಚಿಗೆ ಒಪ್ಪಿಗೆ ಕೊಟ್ಟವು. ಅದರಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳು, ಅವುಗಳಡಿ 169 ಉಪಗುರಿಗಳಿವೆ. ಅಳೆಯಲು 230ಕ್ಕೂ ಹೆಚ್ಚು ಸೂಚಕಗಳಿವೆ. ಒಪ್ಪಿದ್ದನ್ನು ಯಾರು ಎಷ್ಟು ಮಾಡಿದರು ಎಂದು ತಪಾಸಣೆ ಮಾಡುವ ಅಧಿಕಾರವನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದರ ಬದಲಿಗೆ ಕಾರ್ಯಸೂಚಿಯ 79 ಮತ್ತು 84ನೇ ಪ್ಯಾರಾಗಳಲ್ಲಿ ಬೇರೊಂದು ಏರ್ಪಾಡಿದೆ: ಪ್ರತಿ ದೇಶವೂ ತನ್ನ ಪ್ರಗತಿಯನ್ನು ತಾನೇ ನೋಡಿಕೊಂಡು, ಕಂಡದ್ದನ್ನು ಉಳಿದ ದೇಶಗಳ ಮುಂದೆ ಹೇಳಲಿ. ಇದಕ್ಕೆ ಸ್ವಯಂಪ್ರೇರಿತ ರಾಷ್ಟ್ರೀಯ ಪರಾಮರ್ಶೆ (ವಾಲಂಟರಿ ನ್ಯಾಷನಲ್ ರಿವ್ಯೂ) ಎಂದು ಹೆಸರು. ಈ ವಲಯದಲ್ಲಿರುವವರೆಲ್ಲ ಚಿಕ್ಕದಾಗಿ ವಿಎನ್‌ಆರ್ ಎನ್ನುತ್ತಾರೆ.

ಈ ಕೆಲಸ ಹೆಚ್ಚುಕಡಿಮೆ ಹನ್ನೊಂದು ತಿಂಗಳದ್ದು. ವರದಿ ತಯಾರಿಸುವ ತಂಡದಲ್ಲಿ ಕೂತವರಿಗೆ, ತಂಡ ಅಭಿಪ್ರಾಯ ಕೇಳಿಕೊಂಡು ಬರುವ ಸಂಘಸಂಸ್ಥೆಗಳಿಗೆ, ಕೊನೆಗೆ ಆ ವರದಿಯನ್ನು ಓದುವ ವಿದ್ಯಾರ್ಥಿ ಅಥವಾ ಪತ್ರಕರ್ತರಿಗೆ ಬೇಕಾಗುವ ವಿವರಗಳು ಇಲ್ಲಿವೆ.

ಮೊದಲು ಒಂದು ತಪ್ಪು ತಿಳಿವಳಿಕೆ

ವಿಎನ್‌ಆರ್ ಎಂದರೆ ದೇಶಗಳ ರ‍್ಯಾಂಕ್ ಪಟ್ಟಿ ಎಂದುಕೊಂಡವರು ಬಹಳ. ರ‍್ಯಾಂಕ್ ಕೊಡುವ ಪಟ್ಟಿಗಳನ್ನು ಬೇರೆ ಸಂಸ್ಥೆಗಳು ತಮ್ಮ ಪಾಡಿಗೆ ತಾವು ಪ್ರಕಟಿಸುತ್ತವೆ. ವಿಎನ್‌ಆರ್‌ಗೂ ಅವಕ್ಕೂ ಸಂಬಂಧವಿಲ್ಲ. ಇಲ್ಲಿ ಅಂಕ ಕೊಡುವವರಿಲ್ಲ, ಪಾಸು–ಫೇಲು ಇಲ್ಲ, ವರದಿ ಸರಿಯಿಲ್ಲ ಎಂದು ವಾಪಸು ಕಳಿಸುವವರೂ ಇಲ್ಲ. ಬರೆದುಕೊಟ್ಟದ್ದನ್ನು ವಿಶ್ವಸಂಸ್ಥೆ ಇದ್ದ ಹಾಗೆಯೇ ತನ್ನ ಜಾಲತಾಣಕ್ಕೆ ಹಾಕುತ್ತದೆ. ಹೊಗಳಿಕೆಯ ಪುಸ್ತಕ ಬರೆದುಕೊಟ್ಟರೂ ತಡೆಯುವವರಿಲ್ಲ, ಹಲವು ದೇಶಗಳು ಹಾಗೆ ಕೊಟ್ಟೂ ಇವೆ. ಹಾಗಾದ ಮೇಲೆ ಇದರಿಂದ ಏನು ಪ್ರಯೋಜನ? ಅದು ಮನೆಯೊಳಗೇ ಇದೆ. ಯಾವ ಇಲಾಖೆಯ ಹತ್ತಿರ ಅಂಕಿಅಂಶ ಇಲ್ಲ, ಎರಡು ಇಲಾಖೆಗಳ ಲೆಕ್ಕ ಎಲ್ಲಿ ತಾಳೆಯಾಗುತ್ತಿಲ್ಲ, ಯಾರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಎಂಬುದು ಈ ಹನ್ನೊಂದು ತಿಂಗಳಲ್ಲಿ ಒಟ್ಟಿಗೆ ಮೇಜಿನ ಮೇಲೆ ಬರುತ್ತದೆ. ಬೇರೆ ಯಾವ ಕೆಲಸವೂ ಎಲ್ಲ ಇಲಾಖೆಗಳನ್ನು ಹೀಗೆ ಒಂದೇ ಹಾಳೆಯ ಮುಂದೆ ಕೂರಿಸುವುದಿಲ್ಲ.

ಮಂಡನೆಯಾಗುವ ಜಾಗ ಉನ್ನತ ಮಟ್ಟದ ರಾಜಕೀಯ ವೇದಿಕೆ (ಹೈ ಲೆವೆಲ್ ಪೊಲಿಟಿಕಲ್ ಫೋರಂ), ಅಂದರೆ ಎಚ್‌ಎಲ್‌ಪಿಎಫ್. 2012ರ ರಿಯೊ ಸಮ್ಮೇಳನದಲ್ಲಿ ಹುಟ್ಟಿದ ಈ ವೇದಿಕೆ ಪ್ರತಿ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ, ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಆಶ್ರಯದಲ್ಲಿ ಸೇರುತ್ತದೆ. 2016ರ ಮೊದಲ ಸುತ್ತಿನಲ್ಲಿ 22 ದೇಶಗಳು ಬಂದವು, 2017ರಲ್ಲಿ 43, 2018ರಲ್ಲಿ 46. ಟೋಗೊ 2016, 2017, 2018 ಮೂರೂ ವರ್ಷ ಬಿಡದೆ ಮಂಡಿಸಿತು. ಭಾರತ 2017, 2020 ಮತ್ತು 2025ರಲ್ಲಿ ಮಂಡಿಸಿದೆ. ಅಮೆರಿಕ ಒಮ್ಮೆಯೂ ಮಂಡಿಸಿಲ್ಲ. ಸ್ವಯಂಪ್ರೇರಿತ ಎಂಬ ಮಾತಿನ ಎರಡು ತುದಿಗಳನ್ನು ಟೋಗೊ ಮತ್ತು ಅಮೆರಿಕದಲ್ಲಿ ನೋಡಬಹುದು.

ಹೆಜ್ಜೆ 1: ಹೆಸರು ಕೊಡುವುದು, ಜುಲೈನಿಂದ ಹಿಂದಕ್ಕೆ ಎಣಿಸುವುದು

ಮಂಡಿಸಬೇಕೆಂದಿರುವ ದೇಶ ನ್ಯೂಯಾರ್ಕ್‌ನಲ್ಲಿರುವ ತನ್ನ ಕಾಯಂ ನಿಯೋಗದ ಮೂಲಕ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಅಧ್ಯಕ್ಷರಿಗೆ ಪತ್ರ ಬರೆಯುತ್ತದೆ. ಮುಂದಿನ ಸಂಪರ್ಕವೆಲ್ಲ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ವ್ಯವಹಾರಗಳ ಇಲಾಖೆಯ ಜೊತೆ. ಒಂದು ವರ್ಷಕ್ಕೆ ವೇದಿಕೆಯಲ್ಲಿ ಹಿಡಿಸುವುದು ಸುಮಾರು ನಲವತ್ತು ಚಿಲ್ಲರೆ ದೇಶಗಳು. ಆದ್ದರಿಂದ ಹಿಂದಿನ ವರ್ಷದ ಜುಲೈ ವೇದಿಕೆ ಮುಗಿದ ಕೂಡಲೇ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಪತ್ರ ಹೋಗಿಬಿಡುವುದು ಒಳ್ಳೆಯದು.

ಪತ್ರ ಹೋದ ದಿನವೇ ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ಬರೆಯಿರಿ. ಜುಲೈನಲ್ಲಿ ಮಂಡನೆ. ಪೂರ್ಣ ವರದಿ ತಲುಪಬೇಕಾದದ್ದು ಜೂನ್‌ನಲ್ಲಿ. ಮುಖ್ಯ ಸಂದೇಶಗಳು ಎಂಬ ಚಿಕ್ಕ ಪಠ್ಯ ಅದಕ್ಕೂ ಮೊದಲು, ಮೇ ತಿಂಗಳ ಆಸುಪಾಸಿನಲ್ಲಿ. ನಿಖರ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ, ಅಧ್ಯಕ್ಷರ ಪತ್ರದಲ್ಲೇ ನೋಡಿಕೊಳ್ಳಬೇಕು. ವರದಿ ಜೂನ್‌ಗೆ ಹೋಗಬೇಕಾದರೆ ಸಂಪುಟದ ಒಪ್ಪಿಗೆ ಮೇ ಕೊನೆಗೆ ಬೇಕು. ಸಂಪುಟಕ್ಕೆ ಹೋಗುವ ಮೊದಲು ಇಲಾಖೆಗಳಲ್ಲಿ ಕಡತ ಸುತ್ತಲು ಮೂರು ವಾರ, ಭಾಷೆ ತಿದ್ದಲು ಎರಡು ವಾರ. ಅಂದರೆ ಮೊದಲ ಕರಡು ಮಾರ್ಚ್ ಮುಗಿಯುವುದರೊಳಗೆ ಕೈಯಲ್ಲಿರಬೇಕು. ಅಂಕಿಅಂಶ ಕಲೆಹಾಕುವುದು, ಜನರ ಅಭಿಪ್ರಾಯ ಕೇಳುವುದು ಎರಡೂ ಅಕ್ಟೋಬರ್‌ನಿಂದ ಫೆಬ್ರವರಿಯ ಐದು ತಿಂಗಳಿಗೆ ಬಂದು ನಿಲ್ಲುತ್ತವೆ. ಜನವರಿಯಲ್ಲಿ ಎದ್ದು ಕೆಲಸ ಶುರುಮಾಡುವ ದೇಶಗಳು ಮೊದಲು ಕತ್ತರಿ ಹಾಕುವುದು ಅಭಿಪ್ರಾಯ ಕೇಳುವ ಭಾಗಕ್ಕೆ. ವರದಿಯಲ್ಲಿ ಅದು ಎದ್ದು ಕಾಣುತ್ತದೆ.

ಆ ವರ್ಷದ ದೇಶಗಳಿಗಾಗಿ ವಿಶ್ವಸಂಸ್ಥೆ ಮೂರು ಜಾಗತಿಕ ಕಾರ್ಯಾಗಾರ ನಡೆಸುತ್ತದೆ: ವರ್ಷದ ಕೊನೆಗೊಂದು, ವಸಂತಕಾಲದಲ್ಲಿ ಒಂದು, ವೇದಿಕೆಗೆ ಸ್ವಲ್ಪ ಮುಂಚೆ ಇನ್ನೊಂದು. ಇವಕ್ಕೆ ಬೇರೆಬೇರೆ ಅಧಿಕಾರಿಯನ್ನು ಸರದಿಯಂತೆ ಕಳಿಸುವ ಚಾಳಿ ಹಲವು ಸರ್ಕಾರಗಳಿಗಿದೆ. ಪ್ರವಾಸದ ಭಾಗ್ಯ ಹಂಚಿದಂತಾಗುತ್ತದೆ ನಿಜ, ಕಲಿತದ್ದು ಮಾತ್ರ ಯಾರ ಹತ್ತಿರವೂ ಉಳಿಯುವುದಿಲ್ಲ. ಬರೆಯುವವರೇ ಹೋಗಲಿ, ಮೂರಕ್ಕೂ ಅವರೇ ಹೋಗಲಿ.

ಹೆಜ್ಜೆ 2: ಯಾರು ಬರೆಯಬೇಕು

ಯೋಜನಾ ಸಚಿವಾಲಯ, ಹಣಕಾಸು, ವಿದೇಶಾಂಗ, ಪರಿಸರ ಹೀಗೆ ದೇಶಕ್ಕೊಂದು ಪದ್ಧತಿ. ವಿದೇಶಾಂಗ ಇಲಾಖೆ ಒಂದೇ ಹಿಡಿದುಕೊಂಡರೆ ವರದಿ ರಾಜತಾಂತ್ರಿಕ ಭಾಷಣವಾಗುತ್ತದೆ. ಪರಿಸರ ಇಲಾಖೆಗೆ ಕೊಟ್ಟರೆ ಹಣಕಾಸಿನವರು ಸಭೆಗೇ ಬರುವುದಿಲ್ಲ. ಇಲಾಖೆಗಳಿಗೆ ಪತ್ರ ಬರೆದು ಗಡುವು ಕೊಡುವ ಅಧಿಕಾರ ಇರುವ, ಬಜೆಟ್ ತಿಳಿದ ಕಚೇರಿ ಮುಂದೆ ನಿಲ್ಲಬೇಕು. ಅದರ ಪಕ್ಕದಲ್ಲೇ, ಸಹಾಯಕನಾಗಿ ಅಲ್ಲದೆ ಸರಿಸಮನಾಗಿ, ರಾಷ್ಟ್ರೀಯ ಅಂಕಿಅಂಶ ಕಚೇರಿ ಇರಬೇಕು.

ಬರೆಯುವ ತಂಡ ಐದಾರು ಜನಕ್ಕಿಂತ ದೊಡ್ಡದಾಗಬಾರದು. ಪ್ರತಿ ಇಲಾಖೆಯಿಂದ ಹೆಸರು ಹಿಡಿದು ಒಬ್ಬ ಸಂಪರ್ಕಾಧಿಕಾರಿ, ಅವರ ಗೈರುಹಾಜರಿಯಲ್ಲಿ ಕೆಲಸ ನೋಡುವ ಇನ್ನೊಬ್ಬರು. ವರದಿಯನ್ನು ಪೂರ್ತಿಯಾಗಿ ಹೊರಗಿನ ಸಲಹೆಗಾರರಿಗೆ ಗುತ್ತಿಗೆ ಕೊಟ್ಟರೆ ಪುಸ್ತಕ ಅಚ್ಚುಕಟ್ಟಾಗಿ ಬರುತ್ತದೆ. ಜುಲೈನಲ್ಲಿ ಪ್ರಶ್ನೆ ಬಂದಾಗ ಉತ್ತರ ಹೇಳಬಲ್ಲವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಹೆಜ್ಜೆ 3: ಅಂಕಿಅಂಶ

ಇಡೀ ಕೆಲಸದ ಅರ್ಧ ಇಲ್ಲೇ ಇದೆ. ಒಂದು ದೊಡ್ಡ ಕೋಷ್ಟಕದಿಂದ ಶುರುಮಾಡಿ. ಜಾಗತಿಕ ಸೂಚಕಗಳ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದು ಸಾಲು. ಅಡ್ಡಕ್ಕೆ ಎಂಟು ಅಂಕಣ: ಸೂಚಕದ ಸಂಖ್ಯೆ, ಹೊಣೆ ಹೊತ್ತ ಇಲಾಖೆ, ಅಂಕಿಯ ಮೂಲ (ಜನಗಣತಿ, ಸಮೀಕ್ಷೆ ಅಥವಾ ಆಡಳಿತ ದಾಖಲೆ), 2015ರ ಅಥವಾ ಅದಕ್ಕೆ ಹತ್ತಿರದ ವರ್ಷದ ಮೌಲ್ಯ, ಇತ್ತೀಚಿನ ಮೌಲ್ಯ ಮತ್ತು ಅದರ ವರ್ಷ, 2030ಕ್ಕೆ ದೇಶ ಇಟ್ಟುಕೊಂಡ ಗುರಿ, ಯಾವ ಯಾವ ಗುಂಪುಗಳಿಗೆ ಬಿಡಿಸಿ ಹೇಳಬಹುದು ಎಂಬುದು, ವಿಶ್ವಸಂಸ್ಥೆಯ ಜಾಗತಿಕ ದತ್ತಕೋಶದಲ್ಲಿ ಅದೇ ದೇಶದ ಹೆಸರಿನಲ್ಲಿರುವ ಮೌಲ್ಯ.

ಈ ಕೊನೆಯ ಅಂಕಣವನ್ನು ಹೆಚ್ಚಿನ ತಂಡಗಳು ಬಿಟ್ಟುಬಿಡುತ್ತವೆ, ಆಮೇಲೆ ಪೇಚಿಗೆ ಸಿಕ್ಕಿಕೊಳ್ಳುತ್ತವೆ. ಪ್ರತಿ ಜಾಗತಿಕ ಸೂಚಕಕ್ಕೂ ಪಾಲನೆಯ ಹೊಣೆ ಹೊತ್ತ ಅಂತರರಾಷ್ಟ್ರೀಯ ಸಂಸ್ಥೆ ಇದೆ: ಹಸಿವಿಗೆ ಆಹಾರ ಮತ್ತು ಕೃಷಿ ಸಂಸ್ಥೆ, ತಾಯಂದಿರ ಮರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ನಿರುದ್ಯೋಗಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ದೇಶ ದೇಶಗಳ ನಡುವೆ ಹೋಲಿಸಲು ಬರುವಂತೆ ಅವು ಅಂಕಿಗಳನ್ನು ಹೊಂದಿಸುತ್ತವೆ, ಇಲ್ಲದ ಕಡೆ ಮಾದರಿ ಲೆಕ್ಕದಿಂದ ಅಂದಾಜು ಮಾಡುತ್ತವೆ. ಹಾಗಾಗಿ ದೇಶದ ಅಂಕಿಗೂ ಜಾಗತಿಕ ಅಂಕಿಗೂ ವ್ಯತ್ಯಾಸ ಬರುವುದು ಸಹಜ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾಕೆ ಬೇರೆ ಎಂದು ಎರಡು ಸಾಲು ಬರೆದರೆ ಮುಗಿಯಿತು. ಒಂದನ್ನು ಮುಚ್ಚಿಟ್ಟರೆ ಓದುವವರು ಅರ್ಧ ಗಂಟೆಯಲ್ಲಿ ಪತ್ತೆಹಚ್ಚುತ್ತಾರೆ.

ಬಡತನದ ಸೂಚಕ ಇದಕ್ಕೆ ಒಳ್ಳೆಯ ಉದಾಹರಣೆ. 1.1ನೇ ಉಪಗುರಿಯ ಮೂಲ ಪಠ್ಯದಲ್ಲಿರುವುದು ದಿನಕ್ಕೆ 1.25 ಡಾಲರ್. ವಿಶ್ವ ಬ್ಯಾಂಕ್ ಆ ಗೆರೆಯನ್ನು 2015ರಲ್ಲಿ 1.90 ಡಾಲರ್‌ಗೆ, 2022ರಲ್ಲಿ 2.15 ಡಾಲರ್‌ಗೆ, 2025ರ ಜೂನ್‌ನಲ್ಲಿ 3 ಡಾಲರ್‌ಗೆ ಏರಿಸಿತು. ಹಳೆಯ ವರದಿಯ ಅಂಕಿಯನ್ನು ಒಂದು ಗೆರೆಯಿಂದ, ಹೊಸದನ್ನು ಇನ್ನೊಂದರಿಂದ ತೆಗೆದು ಒಂದೇ ನಕ್ಷೆಯಲ್ಲಿ ಜೋಡಿಸಿದರೆ ಬಡತನ ಏರಿದಂತೆಯೋ ಇಳಿದಂತೆಯೋ ಕಾಣುತ್ತದೆ. ಜನರ ಬದುಕಿನಲ್ಲಿ ಏನೂ ಬದಲಾಗಿರುವುದಿಲ್ಲ, ಬದಲಾದದ್ದು ಅಳತೆಗೋಲು. ದೇಶದ ಸ್ವಂತ ಬಡತನ ರೇಖೆಯ ಲೆಕ್ಕ 1.2ನೇ ಉಪಗುರಿಗೆ ಸೇರಿದ್ದು, ಅದನ್ನು 1.1ರ ಜಾಗದಲ್ಲಿ ತುಂಬಬಾರದು.

ಕೋಷ್ಟಕ ತುಂಬಿದ ಮೇಲೆ ಸಾಲುಗಳಿಗೆ ಬಣ್ಣ ಹಚ್ಚಿ. ಜಾಗತಿಕ ವಿಧಾನದಂತೆಯೇ ಅಂಕಿ ಇದೆ ಎಂಬುದಕ್ಕೆ ಒಂದು ಬಣ್ಣ, ಹತ್ತಿರದ ಬದಲಿ ಅಂಕಿ ಇದೆ ಎಂಬುದಕ್ಕೆ ಇನ್ನೊಂದು, ಏನೂ ಇಲ್ಲ ಎಂಬುದಕ್ಕೆ ಮೂರನೆಯದು, ಅನ್ವಯಿಸುವುದಿಲ್ಲ ಎಂಬುದಕ್ಕೆ ನಾಲ್ಕನೆಯದು. ನಾಲ್ಕನೆಯ ಬಣ್ಣ ಬಳಸುವಾಗ ಕೈ ಬಿಗಿ ಇರಲಿ. ಸಮುದ್ರವಿಲ್ಲದ ದೇಶಗಳು 14ನೇ ಗುರಿಯನ್ನು ಸಾರಾಸಗಟಾಗಿ ಕೈಬಿಡುವುದುಂಟು. ಆದರೆ ನದಿಯಲ್ಲಿ ಹರಿದುಹೋಗುವ ಪ್ಲಾಸ್ಟಿಕ್‌ಗೂ ಹೊಲದಿಂದ ಇಳಿಯುವ ಗೊಬ್ಬರಕ್ಕೂ ಕಡಲು ಇದೆಯೋ ಇಲ್ಲವೋ ಎಂಬುದು ಗೊತ್ತಿಲ್ಲ.

ದಾರಿಯಲ್ಲಿದ್ದೇವೆಯೇ?

“ಪ್ರಗತಿಯಾಗಿದೆ” ಎಂಬ ಮಾತಿಗೆ ಬೆಲೆ ಬರಬೇಕಾದರೆ ವೇಗ ಹೇಳಬೇಕು. ಲೆಕ್ಕಕ್ಕಾಗಿ ಒಂದು ಕಲ್ಪಿತ ದೇಶ ಇಟ್ಟುಕೊಳ್ಳೋಣ. 3.2ನೇ ಉಪಗುರಿಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳ ಮರಣ 2030ಕ್ಕೆ ಸಾವಿರ ಜನನಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಆಗಬೇಕು. ಆ ದೇಶದಲ್ಲಿ 2015ರಲ್ಲಿ 50 ಇತ್ತು, 2023ರಲ್ಲಿ 38ಕ್ಕೆ ಇಳಿಯಿತು. ಎಂಟು ವರ್ಷದಲ್ಲಿ 12ರ ಇಳಿಕೆ, ಶೇ 24. ಕೇಳಲು ಚೆನ್ನಾಗಿದೆ.

ಈಗ ವರ್ಷದ ದರ ನೋಡಿ. 15 ವರ್ಷದಲ್ಲಿ 50ರಿಂದ 25ಕ್ಕೆ ಇಳಿಯಲು ವರ್ಷಕ್ಕೆ ಸುಮಾರು ಶೇ 4.5ರಂತೆ ಕಡಿಮೆಯಾಗಬೇಕಿತ್ತು. ಆದದ್ದು ವರ್ಷಕ್ಕೆ ಸುಮಾರು ಶೇ 3.4. ಇದೇ ವೇಗದಲ್ಲಿ ಹೋದರೆ 2030ರಲ್ಲಿ 30ರ ಹತ್ತಿರ ನಿಲ್ಲುತ್ತದೆ, ಗುರಿ ತಪ್ಪುತ್ತದೆ. ತಲುಪಬೇಕಾದರೆ ಉಳಿದ ಏಳು ವರ್ಷ ವರ್ಷಕ್ಕೆ ಸುಮಾರು ಶೇ 6 ಇಳಿಯಬೇಕು, ಅಂದರೆ ಈವರೆಗಿನ ವೇಗದ ಒಂದೂಮುಕ್ಕಾಲು ಪಟ್ಟು. ಶೇ 24ರ ಇಳಿಕೆ, 30ರ ಅಂದಾಜು, ಒಂದೂಮುಕ್ಕಾಲು ಪಟ್ಟಿನ ಅಗತ್ಯ ಮೂರೂ ಒಂದೇ ಪ್ಯಾರಾದಲ್ಲಿ ಬರಲಿ. ಆಗ ಹಣಕಾಸು ಇಲಾಖೆಯವರಿಗೂ ಓದಲು ಕಾರಣ ಸಿಗುತ್ತದೆ.

ಕೈಚಳಕ ನಡೆಯುವುದು ಮೂಲವರ್ಷವನ್ನು, ಅಂದರೆ ಹೋಲಿಕೆ ಶುರುವಾಗುವ ವರ್ಷವನ್ನು, ಆರಿಸುವಾಗ. 2020ನ್ನು ಮೂಲವರ್ಷ ಮಾಡಿದರೆ ಉದ್ಯೋಗ, ಶಾಲಾ ಹಾಜರಾತಿ, ಪ್ರವಾಸೋದ್ಯಮ ಎಲ್ಲವೂ ಜಿಗಿದಂತೆ ಕಾಣುತ್ತವೆ, ಯಾಕೆಂದರೆ ಅದು ಕೋವಿಡ್ ವರ್ಷ. 2015ಕ್ಕೆ ಅಂಟಿಕೊಳ್ಳಿ. ಇಲ್ಲದಿದ್ದರೆ ಯಾವ ವರ್ಷ, ಯಾಕೆ ಎಂದು ಕೋಷ್ಟಕದ ಕೆಳಗೇ ಬರೆಯಿರಿ.

ಸಮೀಕ್ಷೆಯ ಅಂಕಿಗೆ ತಪ್ಪಿನ ಅಂಚು ಇರುತ್ತದೆ ಎಂಬುದೂ ಮರೆತುಹೋಗುತ್ತದೆ. ಶೇ 38 ಇದ್ದದ್ದು ಶೇ 36 ಆಯಿತು, ಅಂಚು ಎರಡೂ ಕಡೆ ಎರಡೂವರೆ ಎಂದಾದರೆ ಅದನ್ನು ಇಳಿಕೆ ಎಂದು ಧೈರ್ಯವಾಗಿ ಹೇಳಲಾಗದು. ಬದಲಾವಣೆ ಸ್ಪಷ್ಟವಿಲ್ಲ ಎಂದು ಬರೆದರೆ ಯಾರ ತಲೆಯೂ ಹೋಗುವುದಿಲ್ಲ.

ಕಟ್ಟಿದ್ದನ್ನು ಎಣಿಸಿ ಆದದ್ದೆಂದು ತೋರಿಸುವುದು ಬೇರೆಯೇ ರೋಗ. ಇಷ್ಟು ಸಾವಿರ ಶಾಲೆ ಕಟ್ಟಿದೆವು, ಇಷ್ಟು ಶಿಕ್ಷಕರನ್ನು ನೇಮಿಸಿದೆವು ಎಂಬುದು 4.1.1ನೇ ಸೂಚಕಕ್ಕೆ ಉತ್ತರವಲ್ಲ. ಮಕ್ಕಳಿಗೆ ಓದು ಮತ್ತು ಗಣಿತದಲ್ಲಿ ಕನಿಷ್ಠ ಮಟ್ಟ ಬಂದಿದೆಯೇ ಎಂದು ಅದು ಕೇಳುತ್ತದೆ.

ಹೆಜ್ಜೆ 4: ಸರಾಸರಿಯ ಹಿಂದೆ ಅಡಗಿದವರು

ಯಾರನ್ನೂ ಹಿಂದೆ ಬಿಡುವುದಿಲ್ಲ ಎಂಬುದು ಕಾರ್ಯಸೂಚಿಯ ಮುಖ್ಯ ವಚನ. ಹೆಚ್ಚಿನ ವರದಿಗಳು ಇದಕ್ಕೊಂದು ಅಧ್ಯಾಯ ಮೀಸಲಿಟ್ಟು, ಅಲ್ಲಿ ಯೋಜನೆಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಮಾಡಬೇಕಾದದ್ದು ಅಂಕಿಗಳನ್ನು ಬಿಡಿಸುವ ಕೆಲಸ. 17.18ನೇ ಉಪಗುರಿಯೇ ಹೇಗೆ ಬಿಡಿಸಬೇಕೆಂದು ಹೇಳುತ್ತದೆ: ಆದಾಯ, ಲಿಂಗ, ವಯಸ್ಸು, ಜನಾಂಗ, ಬುಡಕಟ್ಟು, ವಲಸೆಯ ಸ್ಥಿತಿ, ಅಂಗವೈಕಲ್ಯ, ಭೌಗೋಳಿಕ ಸ್ಥಳ.

ಬಿಡಿಸುತ್ತ ಹೋದಂತೆ ಮಾದರಿ ತೆಳುವಾಗುತ್ತದೆ. ಹತ್ತು ಸಾವಿರ ಮನೆಗಳ ಸಮೀಕ್ಷೆಯನ್ನು ಮೂವತ್ತು ಪ್ರಾಂತಗಳಿಗೆ ಹಂಚಿದರೆ ಪ್ರಾಂತಕ್ಕೆ 333 ಮನೆ. ಅದರಲ್ಲಿ ಅಂಗವಿಕಲರಿರುವ ಮನೆ ಶೇ 5 ಎಂದುಕೊಂಡರೂ ಸಿಗುವುದು ಹದಿನಾರೋ ಹದಿನೇಳೋ. ಅದರ ಮೇಲೆ ಶೇಕಡಾವಾರು ಲೆಕ್ಕ ಹಾಕಿದರೆ ಅಂಕಿ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಎರಡು ಮೂರು ಸಮೀಕ್ಷೆಗಳನ್ನು ಕೂಡಿಸಬಹುದು, ಪ್ರಾಂತಗಳನ್ನು ಐದಾರು ವಲಯಗಳಾಗಿ ಗುಂಪು ಮಾಡಬಹುದು, ಅಥವಾ ಆಡಳಿತ ದಾಖಲೆಗಳ ಮೊರೆಹೋಗಬಹುದು. ಅಂಗವೈಕಲ್ಯದ ಅಂಕಿಗೆ ವಾಷಿಂಗ್ಟನ್ ಗುಂಪು (ವಿಶ್ವಸಂಸ್ಥೆಯಡಿ ಇದಕ್ಕೆಂದೇ ರಚನೆಯಾದ ಅಂಕಿಅಂಶ ತಜ್ಞರ ಗುಂಪು) ರೂಪಿಸಿದ ಆರು ಪ್ರಶ್ನೆಗಳ ಚಿಕ್ಕ ಪಟ್ಟಿ ಇದೆ: ನೋಡಲು, ಕೇಳಲು, ನಡೆಯಲು, ನೆನಪಿಡಲು, ತನ್ನ ಆರೈಕೆ ಮಾಡಿಕೊಳ್ಳಲು, ಸಂವಹನಕ್ಕೆ ಎಷ್ಟು ಕಷ್ಟ ಎಂದು ಅದು ಕೇಳುತ್ತದೆ. “ನೀವು ಅಂಗವಿಕಲರೇ?” ಎಂದು ನೇರವಾಗಿ ಕೇಳಿದರೆ ಬಹಳ ಜನ ಇಲ್ಲ ಎನ್ನುತ್ತಾರೆ, ಸಂಖ್ಯೆ ಕುಸಿಯುತ್ತದೆ.

ಮನೆಮನೆ ಸಮೀಕ್ಷೆಗೆ ಸಿಗದವರೂ ಇದ್ದಾರೆ: ಬೀದಿಯಲ್ಲಿ ಮಲಗುವವರು, ಸೆರೆಮನೆಯಲ್ಲಿರುವವರು, ಆಶ್ರಮಗಳಲ್ಲಿರುವ ಮಕ್ಕಳು, ದಾಖಲೆಯಿಲ್ಲದ ವಲಸಿಗರು. ಇವರ ಬಗ್ಗೆ ಅಂಕಿ ಇಲ್ಲ ಎಂದು ಒಂದು ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಬರೆಯುವುದೂ ವರದಿಯ ಕೆಲಸವೇ.

ಹೆಜ್ಜೆ 5: ಸರ್ಕಾರದ ಹೊರಗಿನವರನ್ನು ಕೇಳುವುದು

1992ರ ರಿಯೊ ಸಮ್ಮೇಳನದಿಂದ ಬಂದ ಒಂಬತ್ತು ಪ್ರಮುಖ ಗುಂಪುಗಳ ವಿಂಗಡಣೆ ಇನ್ನೂ ಚಾಲ್ತಿಯಲ್ಲಿದೆ: ಮಹಿಳೆಯರು, ಮಕ್ಕಳು ಮತ್ತು ಯುವಜನ, ಮೂಲನಿವಾಸಿಗಳು, ಸರ್ಕಾರೇತರ ಸಂಸ್ಥೆಗಳು, ಸ್ಥಳೀಯ ಆಡಳಿತಗಳು, ಕಾರ್ಮಿಕರು ಮತ್ತು ಕಾರ್ಮಿಕ ಸಂಘಟನೆಗಳು, ವ್ಯಾಪಾರ–ಉದ್ಯಮ, ವಿಜ್ಞಾನ–ತಂತ್ರಜ್ಞಾನದವರು, ರೈತರು. ವೃದ್ಧರು, ಅಂಗವಿಕಲರು, ಸ್ವಯಂಸೇವಕರಂಥ ಇತರ ಗುಂಪುಗಳು ಆಮೇಲೆ ಸೇರಿಕೊಂಡಿವೆ. ಯಾರನ್ನು ಕರೆಯಬೇಕು ಎಂಬ ತಕರಾರು ಬಂದರೆ ಈ ಪಟ್ಟಿ ಮುಂದಿಡಿ.

ಯಾವಾಗ ಕೇಳಬೇಕು ಎಂಬುದು ಯಾರನ್ನು ಕೇಳಬೇಕು ಎಂಬುದಕ್ಕಿಂತ ಹೆಚ್ಚಿನದು. ಎರಡು ಸಲ ಕೇಳಿ. ಕೋಷ್ಟಕ ತುಂಬುತ್ತಿರುವಾಗ ಒಮ್ಮೆ, “ನಮ್ಮ ಅಂಕಿಯಲ್ಲಿ ಕಾಣದ್ದು ಏನು?” ಎಂದು. ಕರಡು ಬಂದ ಮೇಲೆ ಮತ್ತೊಮ್ಮೆ, ಓದಲು ಕನಿಷ್ಠ ಮೂರು ವಾರ ಕೊಟ್ಟು. ನಾಳೆ ಸಭೆ ಎನ್ನುವಾಗ ಇಂದು ರಾತ್ರಿ 150 ಪುಟದ ಕಡತ ಕಳಿಸುವುದು ಕೇಳಿದ ಹಾಗೆ ಅಲ್ಲ, ಸಹಿ ಹಾಕಿಸಿಕೊಂಡ ಹಾಗೆ. ಆನ್‌ಲೈನ್ ಪ್ರಶ್ನಾವಳಿಯೊಂದನ್ನೇ ನೆಚ್ಚಿದರೆ ಉತ್ತರಿಸುವವರು ಪಟ್ಟಣದ ಓದಿದವರು. ದೂರದ ಊರುಗಳಿಗೆ, ಜನ ಮಾತಾಡುವ ಭಾಷೆಯಲ್ಲಿ, ನಾಲ್ಕಾರು ಸಭೆಗಳಾದರೂ ಬೇಕು.

ಬಂದ ಸಲಹೆಗಳಿಗೆ ಮೂರು ಅಂಕಣದ ಪಟ್ಟಿ ಮಾಡಿ: ಏನು ಹೇಳಿದರು, ವರದಿಯ ಯಾವ ಪುಟದಲ್ಲಿ ಸೇರಿತು, ಸೇರದಿದ್ದರೆ ಯಾಕೆ. ಅದನ್ನು ಪ್ರಕಟಿಸಿ. ಒಪ್ಪದ ಮಾತಿಗೂ ಜಾಗ ಕೊಡುವ ದಾರಿಯಿದೆ. ಫಿನ್ಲೆಂಡ್ 2020ರ ತನ್ನ ವರದಿಯಲ್ಲಿ ಪ್ರತಿ ಗುರಿಗೂ ಸರ್ಕಾರದ ಮೌಲ್ಯಮಾಪನದ ಜೊತೆಗೆ ನಾಗರಿಕ ಸಂಘಟನೆಗಳ ಮೌಲ್ಯಮಾಪನವನ್ನೂ ಅಚ್ಚು ಹಾಕಿತು. ಆಕಾಶವೇನೂ ಬೀಳಲಿಲ್ಲ. ಜಾಗ ಕೊಡದಿದ್ದರೆ ಸಂಘಟನೆಗಳು ತಮ್ಮದೇ ಪರ್ಯಾಯ ವರದಿ ತರುತ್ತವೆ. ಅದು ಅಧಿಕೃತ ಪುಟದಲ್ಲಿ ಕಾಣಿಸಿಕೊಳ್ಳದು, ಆದರೆ ಪತ್ರಕರ್ತರು ಮೊದಲು ಓದುವುದು ಅದನ್ನೇ.

ನಗರಗಳೂ ಈಗ ಇದೇ ಮಾದರಿಯಲ್ಲಿ ಸ್ಥಳೀಯ ಪರಾಮರ್ಶೆ ಬರೆಯುತ್ತಿವೆ. ನ್ಯೂಯಾರ್ಕ್ ನಗರ ಮತ್ತು ಜಪಾನಿನ ಕಿಟಾಕ್ಯುಶು, ಶಿಮೊಕಾವಾ, ಟೊಯಾಮಾ 2018ರಲ್ಲೇ ಇದಕ್ಕೆ ಕೈಹಾಕಿದವು. ದೇಶದೊಳಗೆ ಅಂಥದ್ದು ಇದ್ದರೆ ರಾಷ್ಟ್ರೀಯ ತಂಡ ಅದರ ಅಂಕಿಗಳನ್ನು ಬಳಸಿಕೊಳ್ಳಲಿ, ಇಲ್ಲವಾದರೆ ರಾಜಧಾನಿ ಒಂದು ಹೇಳುತ್ತದೆ, ನಗರಪಾಲಿಕೆ ಇನ್ನೊಂದು.

ಹೆಜ್ಜೆ 6: ಬರೆಯುವುದು

ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯವರ ಮಾರ್ಗಸೂಚಿ ಒಂದು ಚೌಕಟ್ಟು ಸೂಚಿಸುತ್ತದೆ. ಆರಂಭಿಕ ಮಾತು, ಮುಖ್ಯಾಂಶ, ಪೀಠಿಕೆ, ವರದಿ ತಯಾರಾದ ವಿಧಾನ, ನೀತಿ ಮತ್ತು ಪೂರಕ ವಾತಾವರಣ, ಗುರಿವಾರು ಪ್ರಗತಿ, ಹೊಸ ಸವಾಲುಗಳು, ಅನುಷ್ಠಾನದ ಸಾಧನಗಳು, ಮುಂದಿನ ಹೆಜ್ಜೆಗಳು, ಕೊನೆಗೆ ಅಂಕಿಅಂಶದ ಅನುಬಂಧ. ಕಡ್ಡಾಯವಲ್ಲ, ಆದರೆ ಬೇರೆ ದೇಶದವರು ಹುಡುಕಿದ್ದು ಸಿಗಬೇಕಾದರೆ ಇದೇ ಕ್ರಮ ಅನುಕೂಲ.

ವೇದಿಕೆ ಪ್ರತಿವರ್ಷ ಕೆಲವು ಗುರಿಗಳನ್ನು ಆಳವಾದ ಚರ್ಚೆಗೆ ಆರಿಸುತ್ತದೆ. 2025ರಲ್ಲಿ ಅವು 3 (ಆರೋಗ್ಯ), 5 (ಲಿಂಗ ಸಮಾನತೆ), 8 (ಉದ್ಯೋಗ ಮತ್ತು ಆರ್ಥಿಕ ಬೆಳವಣಿಗೆ), 14 (ಸಾಗರ) ಮತ್ತು 17 (ಸಹಭಾಗಿತ್ವ) ಆಗಿದ್ದವು. ಹಾಗಂತ ದೇಶದ ವರದಿ ಆ ಐದಕ್ಕೆ ಸೀಮಿತವಾಗಬೇಕಿಲ್ಲ, ಹದಿನೇಳೂ ಗುರಿಗಳನ್ನು ನೋಡಬೇಕೆಂಬುದೇ ನಿರೀಕ್ಷೆ. ಕೆಲವನ್ನು ವಿಸ್ತಾರವಾಗಿ, ಕೆಲವನ್ನು ಒಂದೇ ಪುಟದಲ್ಲಿ ಹೇಳಿದರೂ ನಡೆಯುತ್ತದೆ, ಯಾಕೆ ಎಂಬ ಕಾರಣ ಇರಬೇಕು ಅಷ್ಟೆ.

ಪುಟಗಳ ಹಂಚಿಕೆಯನ್ನು ಮೊದಲೇ ಬರೆದು ಅಂಟಿಸಿಕೊಳ್ಳಿ. ಅನುಬಂಧ ಬಿಟ್ಟು ನೂರು ಪುಟದ ವರದಿಗೆ ಒಂದು ಲೆಕ್ಕ: ಮೊದಲ ಮೂರು ಭಾಗಕ್ಕೆ 6, ವಿಧಾನಕ್ಕೆ 6, ನೀತಿಗೆ 15, ಗುರಿಗಳಿಗೆ 51, ಸವಾಲುಗಳಿಗೆ 6, ಸಾಧನಗಳಿಗೆ 10, ಮುಂದಿನ ಹೆಜ್ಜೆಗೆ 6. ಹಂಚಿಕೆ ಇಲ್ಲದಿದ್ದರೆ ಪ್ರತಿ ಇಲಾಖೆಯೂ ತನ್ನ ವಾರ್ಷಿಕ ವರದಿಯನ್ನೇ ತುರುಕುತ್ತದೆ, ಪುಸ್ತಕ ಮುನ್ನೂರು ಪುಟ ದಾಟುತ್ತದೆ.

ಅನುಷ್ಠಾನದ ಸಾಧನಗಳು ಎಂದರೆ ಮುಖ್ಯವಾಗಿ ದುಡ್ಡು. ಬಜೆಟ್ಟಿನ ಯಾವ ತಲೆಬರಹ ಯಾವ ಗುರಿಗೆ ಸೇರುತ್ತದೆ ಎಂದು ಗುರುತು ಹಾಕಿದ ದೇಶಗಳ ಈ ಅಧ್ಯಾಯ ಓದಲು ಯೋಗ್ಯವಾಗಿರುತ್ತದೆ. ಇಲ್ಲದವರದ್ದು ನೆರವಿನ ಬೇಡಿಕೆಯ ಪತ್ರವಾಗುತ್ತದೆ. ಗುರುತು ಹಾಕುವಾಗ ಒಂದೇ ಖರ್ಚನ್ನು ಮೂರು ಗುರಿಗಳಡಿ ಮೂರು ಸಲ ಎಣಿಸುವ ಅಪಾಯವಿದೆ. ಶಾಲೆಯ ಮಧ್ಯಾಹ್ನದ ಊಟ ಹಸಿವಿಗೂ ಶಿಕ್ಷಣಕ್ಕೂ ಆರೋಗ್ಯಕ್ಕೂ ಸೇರುತ್ತದಲ್ಲ. ಪ್ರಧಾನ ಗುರಿ ಒಂದು, ಉಪ ಗುರಿ ಒಂದೆರಡು ಎಂದು ನಿಯಮ ಮಾಡಿ, ಮೊತ್ತ ಕೂಡುವಾಗ ಪ್ರಧಾನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ, ಮೂರನೆಯ ಸಲ ಬರೆಯುವ ದೇಶಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ವರದಿ. ಅದರ ಕೊನೆಯ ಅಧ್ಯಾಯ ತೆಗೆದು, ಅಂದು ಕೊಟ್ಟ ಮಾತುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಎದುರಿಗೆ ಆಯಿತು, ಅರ್ಧ ಆಯಿತು, ಆಗಲಿಲ್ಲ ಎಂದು ಬರೆಯಬೇಕು. ಆಗಲಿಲ್ಲ ಎಂಬುದಕ್ಕೆ ಕಾರಣವೂ ಬೇಕು. ಈ ಒಂದು ಪಟ್ಟಿ ಇದ್ದರೆ ಉಳಿದ ದೋಷಗಳನ್ನು ಓದುಗ ಕ್ಷಮಿಸುತ್ತಾನೆ.

ಹೊಸದಾಗಿ ಬರೆಯುವುದೂ ಎಲ್ಲ ಕಡೆ ಬೇಕಿಲ್ಲ. ಪ್ಯಾರಿಸ್ ಒಪ್ಪಂದದಡಿ ಕೊಟ್ಟ ಹವಾಮಾನ ವರದಿ 13ನೇ ಗುರಿಗೆ ಒದಗುತ್ತದೆ, ಮಹಿಳಾ ತಾರತಮ್ಯ ನಿವಾರಣಾ ಸಮಿತಿಗೆ ಕೊಟ್ಟ ವರದಿ 5ಕ್ಕೆ, ಮಾನವ ಹಕ್ಕುಗಳ ಸಾರ್ವತ್ರಿಕ ಪರಾಮರ್ಶೆಯ ಶಿಫಾರಸುಗಳು 10 ಮತ್ತು 16ಕ್ಕೆ. ಅಲ್ಲಿ ಒಪ್ಪಿಕೊಂಡ ಲೋಪವನ್ನು ಇಲ್ಲಿ ಮರೆತರೆ ಮಾತ್ರ ಮುಜುಗರ.

ಹೆಜ್ಜೆ 7: ಮುಖ್ಯ ಸಂದೇಶಗಳು

ಇದು ಗರಿಷ್ಠ 700 ಪದ. ಚಿಕ್ಕದೆಂದು ಕಿರಿಯ ಅಧಿಕಾರಿಗೆ ಕೊಟ್ಟು ಸುಮ್ಮನಾಗಬೇಡಿ. ಪೂರ್ಣ ವರದಿ ಕಳಿಸಿದ ಭಾಷೆಯಲ್ಲೇ ಉಳಿಯುತ್ತದೆ, ಅನುವಾದವಾಗುವುದು ಈ ಪಠ್ಯ ಮಾತ್ರ. ಬೇರೆ ದೇಶದ ನಿಯೋಗಗಳು ನಿಜವಾಗಿ ಓದುವುದೂ ಇದನ್ನೇ. ಎರಡು ಮೂರು ಸಾಧನೆ ಅಂಕಿಸಮೇತ, ಎರಡು ಮೂರು ಸೋಲು ಕಾರಣಸಮೇತ, ಬೇರೆಯವರಿಗೆ ಉಪಯೋಗವಾಗುವ ಒಂದೆರಡು ಪಾಠ, ಯಾವ ವಿಷಯದಲ್ಲಿ ನೆರವು ಬೇಕು ಎಂಬುದು. ಇಷ್ಟಕ್ಕೆ 700 ಪದ ಸಾಕು. ವರದಿಗಿಂತ ಕೆಲವು ವಾರ ಮೊದಲೇ ಇದು ಹೋಗುವುದರಿಂದ, ಆಮೇಲೆ ವರದಿಯಲ್ಲಿ ತಿದ್ದಿದ ಅಂಕಿ ಇಲ್ಲಿ ಹಳೆಯದಾಗಿಯೇ ಉಳಿಯುವ ಸಂಭವ ಹೆಚ್ಚು. ಇನ್ನೂ ಅಲುಗಾಡುತ್ತಿರುವ ಅಂಕಿಯನ್ನು ಮುಖ್ಯ ಸಂದೇಶಕ್ಕೆ ಹಾಕಬೇಡಿ.

ಹೆಜ್ಜೆ 8: ಜುಲೈನ ಆ ಅರ್ಧ ಗಂಟೆ

ಸಾಮಾನ್ಯವಾಗಿ ಮೊದಲ ಸಲ ಬರುವ ದೇಶಕ್ಕೆ 30 ನಿಮಿಷ, ಅರ್ಧ ಮಂಡನೆಗೆ, ಅರ್ಧ ಪ್ರಶ್ನೋತ್ತರಕ್ಕೆ. ಹಿಂದೆ ಬಂದುಹೋದವರಿಗೆ 20 ನಿಮಿಷ. ವಿಡಿಯೊ ತೋರಿಸಿದರೆ ಅದೂ ಮಂಡನೆಯ ಸಮಯದಲ್ಲೇ ಎಣಿಕೆ. ದುಭಾಷಿಗಳು ಹಿಂಬಾಲಿಸಬೇಕಾದರೆ ನಿಮಿಷಕ್ಕೆ ನೂರು, ನೂರ ಹತ್ತು ಪದಕ್ಕಿಂತ ವೇಗ ಬೇಡ. ಮೂರು ನಿಮಿಷದ ವಿಡಿಯೊ ಕಳೆದರೆ 12 ನಿಮಿಷಕ್ಕೆ 1,200–1,300 ಪದ. ಭಾಷಣದ ಪ್ರತಿ ದುಭಾಷಿಗಳಿಗೆ ಮೊದಲೇ ತಲುಪಿರಲಿ.

ಸಚಿವರು ಹದಿನೇಳು ಗುರಿಗಳನ್ನೂ ಒಂದೊಂದು ವಾಕ್ಯದಲ್ಲಿ ಹೇಳಲು ಹೊರಟರೆ ಯಾರಿಗೂ ಏನೂ ನೆನಪಿರುವುದಿಲ್ಲ. ಮೂರು ವಿಷಯ ಸಾಕು. ಪ್ರಶ್ನೆಗಳಲ್ಲಿ ಸ್ನೇಹಿತ ದೇಶಗಳ ನಯವಾದ ಮಾತುಗಳೇ ಹೆಚ್ಚು, ಕೆಲವು ಮೊದಲೇ ಗೊತ್ತುಮಾಡಿದವು ಎಂಬುದು ಆ ಸಭಾಂಗಣದಲ್ಲಿ ಗುಟ್ಟೇನಲ್ಲ. ಖಾರವಾದ ಪ್ರಶ್ನೆ ಸಾಮಾನ್ಯವಾಗಿ ಪ್ರಮುಖ ಗುಂಪುಗಳಿಂದ ಬರುತ್ತದೆ. ಅದಕ್ಕೆ ಉತ್ತರಿಸಲು ಅಂಕಿಅಂಶ ಕಚೇರಿಯ ಒಬ್ಬರು ಸಚಿವರ ಹಿಂದೆಯೇ ಕೂತಿರಲಿ. ಸಮಯ ಸಾಲದೆ ಬಾಕಿ ಉಳಿದ ಪ್ರಶ್ನೆಗಳಿಗೆ ಎರಡು ವಾರದೊಳಗೆ ಬರೆದು ಕೊಟ್ಟರೆ ಒಳ್ಳೆಯ ಹೆಸರು ಉಳಿಯುತ್ತದೆ.

ಹೆಜ್ಜೆ 9: ವಿಮಾನ ಇಳಿದ ಮೇಲೆ

ತಂಡ ಮನೆಗೆ ಬಂದ ಕೂಡಲೇ ಚದುರಿಹೋಗುವುದು ಮಾಮೂಲು. ಮೂರು ವರ್ಷ ಬಿಟ್ಟು ಮತ್ತೆ ಹೊಸ ತಂಡ, ಮತ್ತೆ ಶೂನ್ಯದಿಂದ ಆರಂಭ. ತಪ್ಪಿಸಲು ದುಬಾರಿ ಉಪಾಯವೇನೂ ಬೇಕಿಲ್ಲ. ಆ ದೊಡ್ಡ ಕೋಷ್ಟಕವನ್ನು ಅಂಕಿಅಂಶ ಕಚೇರಿಗೆ ಒಪ್ಪಿಸಿ, ವರ್ಷಕ್ಕೊಮ್ಮೆ ತುಂಬುವ ಹೊಣೆಯನ್ನು ಲಿಖಿತವಾಗಿ ಕೊಡಿ. ವರದಿಯನ್ನು ಸಂಸತ್ತಿನಲ್ಲಿ ಮಂಡಿಸಿ, ಸಾಧ್ಯವಾದರೆ ಲೆಕ್ಕಪರಿಶೋಧನಾ ಸಂಸ್ಥೆಗೆ ತೋರಿಸಿ. ಜನರ ಭಾಷೆಗಳಲ್ಲಿ ಇಪ್ಪತ್ತು ಪುಟದ ಸಾರ ತನ್ನಿ, ಸಭೆಗೆ ಬಂದು ಮಾತಾಡಿದ ಊರುಗಳಿಗೆ ಅದನ್ನು ಮರಳಿ ಕಳಿಸಿ. ಅಂಕಿಯೇ ಇಲ್ಲ ಎಂದು ಬಣ್ಣ ಹಚ್ಚಿದ ಸಾಲುಗಳಲ್ಲಿ ಮುಂದಿನ ವರದಿಗೆ ಮೊದಲು ತುಂಬಬೇಕಾದ ಹತ್ತನ್ನು ಆರಿಸಿ, ಅವಕ್ಕೆ ಬೇಕಾದ ಹಣವನ್ನು ಮುಂದಿನ ಬಜೆಟ್ಟಿನಲ್ಲೇ ಕೇಳಿ.

ಬರೆಯದೆ ಓದುವವರಿಗೆ

ಎಲ್ಲ ದೇಶಗಳ ವರದಿಗಳೂ ವೇದಿಕೆಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಒಂದು ಗಂಟೆ ಸಮಯ ಇದ್ದರೆ ಮುನ್ನುಡಿ ಬಿಟ್ಟು ಅನುಬಂಧದಿಂದ ಶುರುಮಾಡಿ. ಎಷ್ಟು ಸೂಚಕಗಳಿಗೆ ಎರಡು ಬೇರೆ ವರ್ಷಗಳ ಅಂಕಿ ಇದೆ ಎಂದು ಎಣಿಸಿ. ಒಂದೇ ವರ್ಷದ ಅಂಕಿಯಿಂದ ಪ್ರಗತಿ ಹೇಳಲಾಗದು. ಮೂರು ಸೂಚಕ ಆರಿಸಿ ಜಾಗತಿಕ ದತ್ತಕೋಶದ ಜೊತೆ ತಾಳೆ ನೋಡಿ. ವಿಧಾನದ ಅಧ್ಯಾಯದಲ್ಲಿ ಅಭಿಪ್ರಾಯ ಸಭೆಗಳ ದಿನಾಂಕ ಹುಡುಕಿ. ಏಪ್ರಿಲ್ ಕೊನೆಯಲ್ಲಿ ಒಂದೇ ಸಭೆ ಎಂದಿದ್ದರೆ ಕರಡು ಆಗಲೇ ಸಿದ್ಧವಾಗಿತ್ತು ಎಂದು ಅರ್ಥ. ಬಳಿಕ 16ನೇ ಗುರಿಯ ಪುಟಗಳು: ನ್ಯಾಯ, ಭ್ರಷ್ಟಾಚಾರ, ಮಾಹಿತಿ ಹಕ್ಕು. ಅಲ್ಲಿ ಒಂದಾದರೂ ಸೋಲು ದಾಖಲಾಗಿದ್ದರೆ ಉಳಿದ ಪುಟಗಳಿಗೆ ಇನ್ನೊಂದು ಗಂಟೆ ಕೊಡಬಹುದು.